ಹಸಿರಿಗೆ ಕೊರತೆಯಿಲ್ಲ, ಹೂವಿಗೇ ಬರ: ಒಂಬತ್ತು ವರ್ಷದ ಕಕ್ಕೆ ಗಿಡ

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯ ಕೇಶ್ವಾಪುರದ ಆಚೆ ಹೊಸ ಬಡಾವಣೆಯಲ್ಲಿದೆ. ಹಿಂದೆ ಹೊಲವಾಗಿದ್ದ ಜಾಗ, ಅಪ್ಪಟ ಎರೆ ಮಣ್ಣು. ಮನೆ ಕಟ್ಟಿಸಿದ ವರ್ಷವೇ ಕಾಂಪೌಂಡಿನ ಮೂಲೆಯಲ್ಲಿ ಕಕ್ಕೆ ಸಸಿ ಹಚ್ಚಿದೆವು. ಒಂಬತ್ತು ವರ್ಷವಾಯಿತು. ಗಿಡ ಮಹಡಿಯ ಎತ್ತರಕ್ಕೆ ಬೆಳೆದಿದೆ, ಎಲೆ ಕಡುಹಸಿರಾಗಿದೆ, ರೋಗವೇನೂ ಇಲ್ಲ. ಆದರೆ ಇಂದಿನವರೆಗೆ ಒಂದು ಹೂ ಕಂಡಿಲ್ಲ. ನಳ ಬಂದ ದಿನ ಸಂಪು ತುಂಬಿ ಹೆಚ್ಚಾದ ನೀರು ಅದಕ್ಕೇ ಹೋಗುತ್ತದೆ. ಬಟ್ಟೆ ಒಗೆದ ನೀರನ್ನೂ ಅದರ ಬುಡಕ್ಕೆ ತಿರುಗಿಸಿದ್ದೇವೆ. ಮಳೆಗಾಲದಲ್ಲಿ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ಯೂರಿಯಾ ಹಾಕುತ್ತೇವೆ. ಅಂಗಳದ ತುಂಬ ಎಲೆ ಬೀಳುತ್ತದೆಂದು ಸಂಕ್ರಾಂತಿ ಮುಗಿದೊಡನೆ ಕೊಂಬೆ ಸವರಿಸುತ್ತೇವೆ. ಎಲೆಯ ಫೋಟೊ ಕಳಿಸಿದ್ದೇನೆ. ಪಕ್ಕದ ಮನೆಯವರು ಇದು ಗಂಡು ಗಿಡ, ಎಂದೂ ಹೂ ಬಿಡುವುದಿಲ್ಲ, ಕಡಿಸಿಬಿಡಿ ಎನ್ನುತ್ತಾರೆ. ಇನ್ನೊಬ್ಬರು ಕಾಂಡಕ್ಕೆ ಮೊಳೆ ಹೊಡೆಯಿರಿ ಎಂದರು. ನಮ್ಮ ಮನೆಯವರು ಬರುವ ಬೇಸಿಗೆಯವರೆಗೆ ನೋಡೋಣ ಎಂದಿದ್ದಾರೆ. ಗದಗದಲ್ಲಿರುವ ನನ್ನ ತಂಗಿಗೂ ಕಕ್ಕೆ ಬೆಳೆಸುವ ಆಸೆ. ಅವಳೂ ಇಷ್ಟು ವರ್ಷ ಕಾಯಬೇಕೇ?

ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಗಿಡ ಕಡಿಸಬೇಡಿ, ಮೊಳೆಯನ್ನೂ ಹೊಡೆಸಬೇಡಿ. ಹೂ ಬಾರದಿರುವ ಕಾರಣಗಳೆಲ್ಲ ನಿಮ್ಮ ಪತ್ರದಲ್ಲಿಯೇ ಇವೆ. ಗಿಡಕ್ಕೆ ನೀರು ಹೆಚ್ಚಾಗಿದೆ, ಗೊಬ್ಬರ ಹೆಚ್ಚಾಗಿದೆ, ಅದರ ಮೇಲೆ ಹೂ ಬರಬೇಕಾದ ಕೊಂಬೆಯನ್ನೇ ನೀವು ಪ್ರತಿ ವರ್ಷ ಹೂವಿನ ಹಂಗಾಮಿಗೆ ಮುಂಚೆ ಕತ್ತರಿಸುತ್ತಿದ್ದೀರಿ. ಇಷ್ಟು ಪ್ರೀತಿಯಿಂದ ಸಾಕಿದವರಿಗೆ ಹೀಗೆ ಹೇಳಲು ಮನಸ್ಸಾಗುವುದಿಲ್ಲ, ಆದರೆ ಕಕ್ಕೆಗೆ ಬೇಸಿಗೆಯಲ್ಲಿ ಬಾಯಾರಿಕೆ ಆಗಲೇಬೇಕು. ಅದು ಆಗದೆ ಹೂವಿಲ್ಲ.

ಮೊದಲು ಗಂಡು ಗಿಡದ ಮಾತನ್ನು ಮುಗಿಸುತ್ತೇನೆ, ಏಕೆಂದರೆ ಈ ಒಂದು ಮಾತಿಗೆ ನಮ್ಮ ಕಡೆ ಎಷ್ಟೋ ಒಳ್ಳೆಯ ಗಿಡಗಳು ಬಲಿಯಾಗಿವೆ. ಪಪ್ಪಾಯಿಯಲ್ಲಿ, ತಾಳೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡಗಳಿರುತ್ತವೆ, ನಿಜ. ಆದರೆ ಅಲ್ಲಿಯೂ ಗಂಡು ಗಿಡ ಹೂ ಬಿಡುತ್ತದೆ, ಕಾಯಿ ಬಿಡುವುದಿಲ್ಲ ಅಷ್ಟೆ. ಕಕ್ಕೆಯಲ್ಲಂತೂ ಆ ಭೇದವೇ ಇಲ್ಲ. ಪ್ರತಿ ಹೂವಿನಲ್ಲಿ ಐದು ಹಳದಿ ಎಸಳು, ಹತ್ತು ಕೇಸರ, ಅವುಗಳಲ್ಲಿ ಮೂರು ಉದ್ದವಾಗಿ ಮೇಲಕ್ಕೆ ಬಾಗಿರುತ್ತವೆ; ನಡುವೆ ಮುಂದೆ ಕಾಯಿಯಾಗುವ ಹಸಿರು ಅಂಡಾಶಯ. ಒಂದೇ ಹೂವಿನಲ್ಲಿ ಎರಡೂ ಇವೆ. ನಿಮ್ಮ ಪಕ್ಕದ ಮನೆಯವರಿಗೆ ಇದನ್ನು ತಿಳಿಸಿ ಹೇಳಿ.

ಫೋಟೊದಲ್ಲಿರುವುದು ಕಕ್ಕೆಯೇ, ಸಸ್ಯಶಾಸ್ತ್ರದ ಹೆಸರು ಕ್ಯಾಸಿಯಾ ಫಿಸ್ಟುಲಾ. ಇದನ್ನು ಖಚಿತಪಡಿಸಿಕೊಳ್ಳುವುದು ಬೇರೆ ಓದುಗರಿಗೂ ಮುಖ್ಯ, ಏಕೆಂದರೆ ಎಳೆಯ ಸಸಿಯಲ್ಲಿ ಒಂದಕ್ಕೆ ಇನ್ನೊಂದು ಅದಲುಬದಲಾಗುವುದು ಸುಲಭ. ಕಕ್ಕೆಯ ಒಂದು ಎಲೆಕಡ್ಡಿಗೆ ಸಾಮಾನ್ಯವಾಗಿ 4ರಿಂದ 8 ಜೊತೆ ಕಿರುಎಲೆಗಳಿರುತ್ತವೆ. ಒಂದೊಂದೂ 7ರಿಂದ 15 ಸೆಂಟಿಮೀಟರ್ ಉದ್ದ, ಅಗಲವಾಗಿ, ನುಣುಪಾಗಿರುತ್ತದೆ. ರಸ್ತೆ ಬದಿಯಲ್ಲಿ ಸಾಲಾಗಿ ಹಚ್ಚಿರುವ ಸೀಮೆ ತಂಗಡಿಯ ಕಿರುಎಲೆ ಚಿಕ್ಕದು, ಜೊತೆಗಳು ಹೆಚ್ಚು, ಹಳದಿ ಹೂ ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ಬರುತ್ತದೆ. ಇನ್ನೊಂದಿದೆ, ಅಮೆರಿಕ ಖಂಡದಿಂದ ಬಂದ ಸೆನ್ನಾ ಸ್ಪೆಕ್ಟಾಬಿಲಿಸ್. ಬಂಡೀಪುರ, ನಾಗರಹೊಳೆಯ ಕಾಡುಗಳಿಗೆ ನುಗ್ಗಿ ಅಲ್ಲಿನ ಸ್ಥಳೀಯ ಗಿಡಗಳನ್ನು ಹತ್ತಿಕ್ಕುತ್ತಿರುವ ಗಿಡ ಇದು. ಹೂ ಹಳದಿಯೆಂದು ಕಕ್ಕೆಯ ಹೆಸರಿನಲ್ಲಿ ಇದನ್ನು ಮನೆಗೆ ತರಬಾರದು. ಇದರ ಕಿರುಎಲೆ ಕಿರಿದಾಗಿ ತುದಿ ಚೂಪಾಗಿರುತ್ತದೆ.

ಇನ್ನು ವಯಸ್ಸು. ಬೀಜದಿಂದ ಬಂದ ಕಕ್ಕೆ ಹೂ ಬಿಡಲು ಸಾಮಾನ್ಯವಾಗಿ ಆರರಿಂದ ಎಂಟು ವರ್ಷ ತೆಗೆದುಕೊಳ್ಳುತ್ತದೆ, ಹತ್ತಾದರೂ ಗಾಬರಿಪಡಬೇಕಿಲ್ಲ. ಬೀಜದ ಗಿಡಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಒಂದೇ ಕಾಯಿಯ ಬೀಜದಿಂದ ಬಂದ ಎರಡು ಗಿಡಗಳಲ್ಲಿ ಒಂದು ಎರಡು ವರ್ಷ ಮುಂಚೆ ಹೂ ಬಿಡಬಹುದು. ನಿಮ್ಮ ಗಿಡ ಒಂಬತ್ತಕ್ಕೆ ಬಂದಿದೆ, ಕಾಂಡವೂ ದಪ್ಪವಾಗಿರಬೇಕು. ವಯಸ್ಸು ಅಡ್ಡಿಯಲ್ಲ.

ಈಗ ನೀರಿನ ವಿಷಯ. ಉಳಿದೆಲ್ಲವನ್ನೂ ಮರೆತರೂ ಇದನ್ನು ಮರೆಯಬೇಡಿ.

ಕಕ್ಕೆ ಎಲೆ ಉದುರಿಸುವ ಕಾಡಿನ ಗಿಡ. ಕಲಘಟಗಿ, ಅಳ್ನಾವರದ ಕಡೆಯ ತೇಗದ ಕಾಡಿನಲ್ಲಿ ಅದನ್ನು ನೋಡಿ. ಮುಂಗಾರಿನ ನಾಲ್ಕು ತಿಂಗಳು ಚಿಗುರಿ, ಎಲೆ ತುಂಬಿ, ಕೊಂಬೆ ಚಾಚುತ್ತದೆ. ಹಿಂಗಾರು ನಿಂತ ಮೇಲೆ ಬೆಳವಣಿಗೆ ನಿಲ್ಲುತ್ತದೆ. ಮಾಘ ಫಾಲ್ಗುಣದಲ್ಲಿ ನೆಲ ಒಣಗಿದಂತೆ ಎಲೆ ಹಳದಿಯಾಗಿ ಉದುರುತ್ತದೆ. ಆ ಹೊತ್ತಿಗೆ ಕೊಂಬೆಯೊಳಗೆ ಮಳೆಗಾಲವಿಡೀ ಎಲೆಗಳು ತಯಾರಿಸಿದ ಸಕ್ಕರೆ, ಪಿಷ್ಟ ಸಂಗ್ರಹವಾಗಿರುತ್ತದೆ. ಹೊಸ ಚಿಗುರಿಗೆ ಖರ್ಚಾಗದೆ ಉಳಿದ ಆ ಸಂಗ್ರಹವೇ ಹೂವಾಗುತ್ತದೆ. ಯುಗಾದಿಯ ನಂತರ ಬಿಸಿಲು ಏರಿದಾಗ, ಅಶ್ವಿನಿ ಭರಣಿಯ ಒಂದೆರಡು ಅಡ್ಡಮಳೆ ಬಿದ್ದಾಗ ಗೊಂಚಲು ಇಳಿಯುತ್ತವೆ.

ನಿಮ್ಮ ಅಂಗಳದ ಗಿಡಕ್ಕೆ ಈ ಒಣಗಾಲವೇ ಬಂದಿಲ್ಲ. ಸಂಪಿನ ನೀರು, ಬಟ್ಟೆ ಒಗೆದ ನೀರು ಎರಡೂ ವರ್ಷವಿಡೀ ಸಿಗುತ್ತಿವೆ. ಅದರ ಮಟ್ಟಿಗೆ ಮಳೆಗಾಲ ಮುಗಿದೇ ಇಲ್ಲ. ಹಾಗಾಗಿ ಎಲೆ ಪೂರ್ತಿ ಉದುರುವುದಿಲ್ಲ, ಒಂದೊಂದಾಗಿ ಉದುರುತ್ತ ಜೊತೆಗೇ ಹೊಸ ಎಲೆ ಬರುತ್ತದೆ, ಕೂಡಿಟ್ಟದ್ದೆಲ್ಲ ಚಿಗುರಿಗೇ ಹೋಗುತ್ತದೆ. ಧಾರವಾಡ ಸುತ್ತಲಿನ ಆಪೂಸ್ ಮಾವಿನ ತೋಟದವರನ್ನು ಕೇಳಿ ನೋಡಿ. ಹೂ ಬರುವ ಮುಂಚಿನ ಎರಡು ಮೂರು ತಿಂಗಳು ಅವರು ಫಲ ಕೊಡುವ ಗಿಡಕ್ಕೆ ನೀರು ಬಿಡುವುದಿಲ್ಲ. ಬಿಟ್ಟರೆ ಹೂವಿನ ಬದಲು ಕೆಂಪು ಚಿಗುರು ಬರುತ್ತದೆ ಎಂಬುದು ಅವರಿಗೆ ತಲೆಮಾರಿನಿಂದ ಗೊತ್ತು.

ನೀರು ನಿಲ್ಲಿಸಿದರೆ ಗಿಡ ಸತ್ತೀತೆಂಬ ಭಯ ನಿಮಗೆ ಬರುವುದು ಸಹಜ. ಒಂಬತ್ತು ವರ್ಷದ ಕಕ್ಕೆ, ಅದೂ ಎರೆ ಮಣ್ಣಿನಲ್ಲಿ, ಸಾಯುವುದಿಲ್ಲ. ಎರೆ ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಂದೂವರೆ ಅಡಿಯ ಕೆಳಗೆ ತಿಂಗಳುಗಟ್ಟಲೆ ಹಸಿ ಹಿಡಿದುಕೊಂಡಿರುತ್ತದೆ. ನವಲಗುಂದ, ಅಣ್ಣಿಗೇರಿ, ಗದಗದ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ನೀರಾವರಿಯಿಲ್ಲದೆ ಬರುವುದು ಈ ಹಸಿಯ ಮೇಲೆಯೇ. ಜೋಳದ ಬೇರಿಗೆ ಸಾಕಾಗುವ ಹಸಿ ನಿಮ್ಮ ಕಕ್ಕೆಯ ಬೇರಿಗೆ ಸಾಲದೇ? ಅನುಮಾನವಿದ್ದರೆ ಕೊಂಬೆಗಳು ಚಾಚಿರುವ ಅಂಚಿನಲ್ಲಿ ಹಾರೆಯಿಂದ ಒಂದೂವರೆ ಅಡಿ ತೋಡಿ, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಉಜ್ಜಿದಾಗ ಹೊಳೆದರೆ ಹಸಿ ಬೇಕಾದಷ್ಟಿದೆ. ಪುಡಿಯಾಗಿ ಉದುರಿದಾಗ ಮಾತ್ರ, ಅದೂ ಗೊಂಚಲು ಇಳಿದ ಮೇಲೆ, ಒಮ್ಮೆ ನಿಧಾನವಾಗಿ ನೀರುಣಿಸಿದರೆ ಹೂ ಹೆಚ್ಚು ದಿನ ನಿಲ್ಲುತ್ತದೆ.

ಬಟ್ಟೆ ಒಗೆದ ನೀರಿನ ಬಗ್ಗೆ ಇನ್ನೊಂದು ಮಾತು. ಹೂವಿನ ಪ್ರಶ್ನೆ ಇರದಿದ್ದರೂ ಅದನ್ನು ಎರೆ ಮಣ್ಣಿಗೆ ಬಿಡಬಾರದೆಂದೇ ನಾನು ಹೇಳುತ್ತಿದ್ದೆ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಎರೆ ಮೊದಲೇ ಕ್ಷಾರ ಗುಣದ ಜಿಗುಟು ಮಣ್ಣು. ಸೋಡಿಯಂ ಸೇರಿದರೆ ಅದರ ಹರಳುಗಳು ಒಡೆದು, ನೀರೂ ಗಾಳಿಯೂ ಇಳಿಯದಂತೆ ಗಟ್ಟಿಯಾಗುತ್ತದೆ. ಕುಡಿಯುವ ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬರುವ ಉಳಿಕೆ ನೀರಿನಲ್ಲಿಯೂ ಲವಣ ಹೆಚ್ಚಿರುತ್ತದೆ, ಅದೂ ಬೇಡ. ಎರಡನ್ನೂ ಬೇರೆ ಕಡೆ ತಿರುಗಿಸಿ. ಸಂಪಿನ ಹೆಚ್ಚುವರಿ ನೀರಿಗೆ ನಿಮ್ಮ ಹಿತ್ತಲಲ್ಲಿ ಬಾಳೆಯೋ ಕರಿಬೇವೋ ಇದ್ದರೆ ಅವು ಸಂತೋಷದಿಂದ ಕುಡಿಯುತ್ತವೆ.

ಕೊಂಬೆ ಸವರುವ ವಿಷಯ ನೀರಿನಷ್ಟೇ ಗಂಭೀರವಾದದ್ದು. ಕಕ್ಕೆಯ ಹೂ ಎಲ್ಲಿಂದ ಬರುತ್ತದೆಂದು ಒಮ್ಮೆ ಕಣ್ಣಾರೆ ನೋಡಿದರೆ ನೀವು ಸಂಕ್ರಾಂತಿಯ ನಂತರ ಕತ್ತರಿ ಎತ್ತಲಾರಿರಿ. ಮಾರ್ಚ್ ತಿಂಗಳಲ್ಲಿ ಕೈಗೆಟಕುವ ಒಂದು ಕೊಂಬೆಯನ್ನು ಬಗ್ಗಿಸಿಕೊಳ್ಳಿ. ತುದಿಯಿಂದ ಒಳಕ್ಕೆ ಒಂದೆರಡು ಅಡಿ, ಪೆನ್ಸಿಲಿಗಿಂತ ತುಸು ದಪ್ಪವಾದ ಭಾಗ ಕಳೆದ ಮುಂಗಾರಿನಲ್ಲಿ ಬೆಳೆದದ್ದು. ಅದರ ಮೇಲೆ ಅಲ್ಲಲ್ಲಿ ಉದುರಿದ ಎಲೆಯ ಗುರುತು ಕಾಣುತ್ತದೆ. ಪ್ರತಿ ಗುರುತಿನ ಮೇಲಂಚಿಗೆ ಒಂದು ಸಣ್ಣ ಕಣ್ಣಿರುತ್ತದೆ. ಹೂವಿನ ಗೊಂಚಲು ಹುಟ್ಟುವುದು ಆ ಕಣ್ಣಿನಿಂದ. ಏಪ್ರಿಲ್ ಬರುವಷ್ಟರಲ್ಲಿ ಕಣ್ಣು ಉಬ್ಬುತ್ತದೆ. ಅದು ಚೂಪಾಗಿ ಉದ್ದವಾಗಿ, ತಾಮ್ರ ಬಣ್ಣದ, ನವಿರು ರೋಮದ ಮಡಚಿದ ಎಲೆಗಳನ್ನು ಹೊರಹಾಕಿದರೆ ಅದು ಚಿಗುರು. ಒಂದು ತೆಳ್ಳನೆಯ ಕಡ್ಡಿ ಹೊರಟು, ಅದರ ಸುತ್ತ ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು ದುಂಡನೆಯ ಹಸಿರು ಮೊಗ್ಗುಗಳು ಕಾಣಿಸಿಕೊಂಡು, ಕೆಲವೇ ದಿನದಲ್ಲಿ ಕಡ್ಡಿ ನೆಲದ ಕಡೆ ಬಾಗಿದರೆ ಅದು ಹೂಗೊಂಚಲು. ಗೊಂಚಲು ಒಂದರಿಂದ ಒಂದೂವರೆ ಅಡಿ ಉದ್ದ ಬರುತ್ತದೆ. ಕೊಂಬೆಗೆ ಹತ್ತಿರವಿರುವ ಮೊಗ್ಗು ಮೊದಲು ಅರಳುತ್ತದೆ, ತೂಗುವ ತುದಿಯ ಮೊಗ್ಗು ಕೊನೆಗೆ. ಹಾಗಾಗಿ ಒಂದೇ ಗೊಂಚಲು ಎಷ್ಟೋ ದಿನ ಅರಳುತ್ತಲೇ ಇರುತ್ತದೆ.

ಜನವರಿಯಲ್ಲಿ ನೀವು ಸವರಿಸಿದ ಕೊಂಬೆಗಳೆಂದರೆ ಈ ಕಣ್ಣುಗಳಿರುವ ಭಾಗವೇ. ಕತ್ತರಿಸಿದ ಜಾಗದಿಂದ ಗಿಡ ಬಲವಾಗಿ ಚಿಗುರುತ್ತದೆ, ಆ ಚಿಗುರು ಆ ವರ್ಷ ಹೂ ಬಿಡುವಷ್ಟು ಬಲಿತಿರುವುದಿಲ್ಲ, ಬಲಿಯುವ ಹೊತ್ತಿಗೆ ಮತ್ತೆ ಸಂಕ್ರಾಂತಿ. ಎಲೆ ಉದುರುವುದು ಕಸವೆಂದು ನಿಮಗನ್ನಿಸಿದೆ. ಆದರೆ ಆ ಎಲೆ ಉದುರುವುದೇ ಹೂ ಬರುವ ಮುನ್ಸೂಚನೆ. ಮೂರು ನಾಲ್ಕು ವಾರ ಅಂಗಳ ಗುಡಿಸಬೇಕಾಗುತ್ತದೆ. ಗುಡಿಸಿದ್ದನ್ನು ಗಿಡದ ಬುಡದಿಂದ ಎರಡಡಿ ಬಿಟ್ಟು ಸುತ್ತ ಹರಡಿ, ಅಲ್ಲಿಯೇ ಕರಗಿ ಗೊಬ್ಬರವಾಗಲಿ, ಸುಡಬೇಡಿ.

ಕೊಂಬೆ ತೆಗೆಯಲೇಬೇಕಾದರೆ ಹೂ ಮುಗಿದ ಕೂಡಲೇ ತೆಗೆಯಿರಿ. ನಮ್ಮ ಲೆಕ್ಕದಲ್ಲಿ ಕಾರಹುಣ್ಣಿಮೆಯ ಆಸುಪಾಸು, ಮೃಗಶಿರ ಮಳೆ ಹಿಡಿಯುವ ಸಮಯ. ಆಗ ಕತ್ತರಿಸಿದರೆ ಹೊಸ ಕೊಂಬೆಗೆ ಇಡೀ ಮಳೆಗಾಲ ಸಿಗುತ್ತದೆ, ಬಲಿತು ಮುಂದಿನ ಬೇಸಿಗೆಗೆ ಸಿದ್ಧವಾಗುತ್ತದೆ. ಜುಲೈ ದಾಟಿಸಬೇಡಿ. ಅದರಲ್ಲೂ ಒಣಗಿದ್ದು, ಒಂದಕ್ಕೊಂದು ತಿಕ್ಕುವುದು, ತಂತಿಗೆ ತಾಗುವುದು ಇಷ್ಟನ್ನೇ ಬುಡದಿಂದ ತೆಗೆಯಿರಿ. ಛತ್ರಿಯ ಹಾಗೆ ದುಂಡಗೆ ಕತ್ತರಿಸುವ ಗೀಳು ಕೆಲವು ಮಾಲಿಗಳಿಗಿದೆ. ಕಕ್ಕೆ ಅಸ್ತವ್ಯಸ್ತವಾಗಿ ಚಾಚುವ ಗಿಡ, ಅದನ್ನು ಅದರ ಪಾಡಿಗೆ ಬಿಡಬೇಕು.

ಯೂರಿಯಾ ಇಂದಿನಿಂದಲೇ ನಿಲ್ಲಿಸಿ. ಯೂರಿಯಾ ಎಂದರೆ ಬರೀ ಸಾರಜನಕ, ಸಾರಜನಕ ಎಂದರೆ ಎಲೆ. ದೀಪಾವಳಿಯ ನಂತರ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು, ಗಿಡ ವಿಶ್ರಾಂತಿಗೆ ಹೊರಟ ಹೊತ್ತಿನಲ್ಲಿ ಅದನ್ನು ಎಬ್ಬಿಸಿ ಚಿಗುರಿಸಿದಂತಾಗುತ್ತದೆ. ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಕಕ್ಕೆ ದ್ವಿದಳ ಕುಟುಂಬಕ್ಕೆ ಸೇರಿದ್ದರೂ ತೊಗರಿ, ಕಡಲೆಯ ಹಾಗೆ ಅದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಗೊಬ್ಬರವೇ ಬೇಡವೆಂದೂ ಅಲ್ಲ. ಮುಂಗಾರು ಆರಂಭದಲ್ಲಿ ಎರಡು ಮೂರು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಕೊಂಬೆಯ ಅಂಚಿನ ಕೆಳಗೆ ಸುತ್ತಲೂ ಹಾಕಿ ಮಣ್ಣು ಮುಚ್ಚಿದರೆ ವರ್ಷಕ್ಕೆ ಸಾಕು. ನಿಮ್ಮ ಗಿಡಕ್ಕೆ ಈ ವರ್ಷ ಅದೂ ಬೇಡ, ಹಿಂದೆ ಹಾಕಿದ್ದನ್ನು ಖರ್ಚು ಮಾಡಿಕೊಳ್ಳಲಿ.

ಹೂವಿಗೆಂದೇ ಮಾರುವ ರಂಜಕದ ಪುಡಿಗಳಿಗೆ ಹಣ ಸುರಿಯಬೇಡಿ. ಸುಣ್ಣದ ಅಂಶವಿರುವ ಎರೆಯಲ್ಲಿ ಮೇಲೆ ಹಾಕಿದ ರಂಜಕದ ಬಹುಪಾಲು ಸುಣ್ಣದೊಂದಿಗೆ ಸೇರಿ ಗಿಡಕ್ಕೆ ದಕ್ಕದಂತಾಗುತ್ತದೆ. ಪೊಟ್ಯಾಷ್ ಎರೆಯಲ್ಲಿ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಹಾಕಲೇಬೇಕೆನಿಸಿದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ, ಗದಗ ಜಿಲ್ಲೆಯವರಿಗೆ ಹುಲಕೋಟಿಯಲ್ಲಿ, ಹಾವೇರಿಯವರಿಗೆ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಎಲೆಯ ನರಗಳು ಹಸಿರಾಗಿ ಉಳಿದು ನಡುವಿನ ಭಾಗ, ಅದೂ ಹೊಸ ಎಲೆಗಳಲ್ಲಿ, ಬಿಳಿಚಿಕೊಂಡಿದ್ದರೆ ಅದು ಕಬ್ಬಿಣದ ಕೊರತೆ. ಎರೆಯಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಬೇಕು. ನಿಮ್ಮ ಎಲೆ ಕಡುಹಸಿರಾಗಿದೆ, ನಿಮಗೆ ಇದರ ಅಗತ್ಯವಿಲ್ಲ.

ಮೊಳೆ ಹೊಡೆಯುವುದು, ತೊಗಟೆ ಸುಲಿಯುವುದು, ಬುಡಕ್ಕೆ ಉಪ್ಪು ಸುರಿಯುವುದು, ಹಳೆಯ ಚಪ್ಪಲಿ ಕಟ್ಟುವುದು, ಇವೆಲ್ಲ ನಮ್ಮಲ್ಲಿ ಬಹಳ ಹಿಂದಿನಿಂದ ಇವೆ. ಹೂ ಬಿಡದ ಗಿಡವನ್ನು ಒಲಿಸುವ ಆಸೆಯೂ ಹಳೆಯದೇ. ಹೆಣ್ಣಿನ ಪಾದ ತಾಗಿದರೆ ಅಶೋಕ ಅರಳುತ್ತದೆ, ಅವಳು ಬಾಯಲ್ಲಿ ತುಂಬಿದ ಮದ್ಯವನ್ನು ಉಗುಳಿದರೆ ಬಕುಳ ಅರಳುತ್ತದೆ ಎಂದು ಹಳೆಯ ಕಾವ್ಯಗಳ ಸಂಪ್ರದಾಯ. ಅದರಿಂದ ಯಾವ ಗಿಡಕ್ಕೂ ನೋವಾಗಲಿಲ್ಲ. ಮೊಳೆ ಹಾಗಲ್ಲ. ಪೆಟ್ಟು ಬಿದ್ದ ಗಿಡ ಕೆಲವೊಮ್ಮೆ ಹೂ ಬಿಡುತ್ತದೆ ಎಂಬುದು ನಿಜ, ಸಾಯುವ ಮುನ್ನ ಬೀಜ ಬಿಟ್ಟುಹೋಗುವ ಅವಸರ ಅದಕ್ಕೆ. ಆದರೆ ಆ ತೂತಿನಿಂದ ಕೊಳೆರೋಗ ಒಳಹೊಗುತ್ತದೆ, ಕಾಂಡ ಟೊಳ್ಳಾಗುತ್ತದೆ, ಒಂದು ದಿನ ಗಾಳಿಮಳೆಗೆ ಗಿಡವೇ ಮುರಿದು ಬೀಳುತ್ತದೆ. ಮಾವಿಗೆ ಹಾಕುವ ಪ್ಯಾಕ್ಲೊಬ್ಯುಟ್ರಜೋಲ್ ಎಂಬ ರಾಸಾಯನಿಕವನ್ನು ತಂದುಕೊಡುತ್ತೇವೆ ಎನ್ನುವವರೂ ಬರಬಹುದು. ಗಿಡದೊಳಗಿನ ಬೆಳವಣಿಗೆಯ ಹಾರ್ಮೋನು ತಯಾರಾಗದಂತೆ ತಡೆದು ಚಿಗುರು ನಿಲ್ಲಿಸುವ ವಸ್ತು ಅದು, ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಲೆಕ್ಕ ಹಾಕಿ ಬಳಸುವ ತೋಟಗಾರನ ಕೈಯಲ್ಲಿ ಅದಿರಲಿ, ಮನೆಯಂಗಳಕ್ಕೆ ಬೇಡವೇ ಬೇಡ. ನೀರು ನಿಲ್ಲಿಸಿದರೆ ಬರುವ ಹೂವಿಗೆ ವಿಷದ ಹಂಗೇಕೆ?

ಬಿಸಿಲನ್ನೂ ಒಮ್ಮೆ ಗಮನಿಸಿ. ಕಕ್ಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಪಕ್ಕದಲ್ಲಿ ಮಹಡಿ ಮನೆ ಎದ್ದು ಪಡುವಣ ಬಿಸಿಲು ಮರೆಯಾಗಿದ್ದರೆ ನೆರಳಿನ ಕಡೆಯ ಕೊಂಬೆಗಳಲ್ಲಿ ಹೂ ಕಡಿಮೆ, ನೆತ್ತಿಯಲ್ಲಿ ಮತ್ತು ಬಿಸಿಲ ಕಡೆ ಹೆಚ್ಚು. ಇದಕ್ಕೆ ಮಾಡಬಹುದಾದ್ದು ಏನೂ ಇಲ್ಲ, ಆದರೆ ಒಂದು ಕಡೆ ಹೂ ಬಂದು ಇನ್ನೊಂದು ಕಡೆ ಬಾರದಿದ್ದರೆ ರೋಗವೆಂದು ತಿಳಿಯಬೇಡಿ.

ಮಳೆಗಾಲದಲ್ಲಿ ಎಲೆ ತಿನ್ನುವ ಹಸಿರು ಹುಳುಗಳು ಕಂಡರೂ ಔಷಧ ಹೊಡೆಯಬೇಡಿ. ಅವು ತಿಳಿಹಳದಿ ಚಿಟ್ಟೆಗಳ ಮರಿಗಳು, ಕಕ್ಕೆಯ ಎಲೆ ಅವುಗಳ ಆಹಾರ. ತಿಂದಷ್ಟೂ ಗಿಡ ಮತ್ತೆ ಚಿಗುರುತ್ತದೆ. ಹೂವಿಗೆ ಬರುವ ದೊಡ್ಡ ಕರಿದುಂಬಿಯನ್ನೂ ಓಡಿಸಬೇಡಿ. ಕೇಸರವನ್ನು ತಬ್ಬಿ ಮೈ ಕಂಪಿಸಿ ಪರಾಗ ಉದುರಿಸಿಕೊಳ್ಳುವುದು ಅದೇ, ಕಾಯಿ ಕಟ್ಟುವುದು ಅದರಿಂದ.

ಹಾಗಾದರೆ ಯಾವಾಗ ಹೂ ಕಾಣುತ್ತೀರಿ? ದೀಪಾವಳಿಯ ಯೂರಿಯಾ ತಪ್ಪಿಸಿ, ಹಿಂಗಾರು ಮಳೆ ನಿಂತ ಮೇಲೆ ಎರಡೂ ನೀರಿನ ದಾರಿ ಬಂದ್ ಮಾಡಿ, ಸಂಕ್ರಾಂತಿಗೆ ಕೊಂಬೆ ಮುಟ್ಟದಿದ್ದರೆ ಶಿವರಾತ್ರಿಯ ಹೊತ್ತಿಗೆ ಗಿಡ ಬೋಳಾಗತೊಡಗಬೇಕು. ಯುಗಾದಿ ಕಳೆದ ಮೇಲೆ ಕೊಂಬೆಯ ಕಣ್ಣುಗಳನ್ನು ನೋಡುತ್ತಿರಿ. ಬಸವ ಜಯಂತಿಯಿಂದ ಜೂನ್ ಮೊದಲ ವಾರಗಳವರೆಗೆ ನಮ್ಮ ಕಡೆ ಕಕ್ಕೆಯ ಕಾಲ. ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಗೊಂಚಲು ಬಂದರೂ ಗಿಡ ದಾರಿಗೆ ಬಂದಿದೆ ಎಂದೇ ತಿಳಿಯಿರಿ. ಮೈತುಂಬ ಹೂವಿಗೆ ಅದರ ಮುಂದಿನ ವರ್ಷ ಕಾಯಬೇಕು, ಏಕೆಂದರೆ ಕತ್ತರಿ ಬೀಳದ ಪೂರ್ಣ ಒಂದು ವರ್ಷದ ಕೊಂಬೆ ಆಗಷ್ಟೇ ಸಿದ್ಧವಾಗಿರುತ್ತದೆ. ನಿಮ್ಮ ಮನೆಯವರು ಕೊಟ್ಟ ಗಡುವು ಒಂದು ಬೇಸಿಗೆಯದು. ಅವರಿಗೆ ನನ್ನ ಕಡೆಯಿಂದ ಹೇಳಿ, ಇನ್ನೊಂದು ಬೇಸಿಗೆ ಕೊಡಬೇಕು.

ಈ ಸಲಹೆಯನ್ನು ಓದಿದ ಬೇರೆಯವರು ಎಲ್ಲ ಹೂಮರಕ್ಕೂ ಇದನ್ನೇ ಹೊಂದಿಸಬಾರದು. ಗುಲ್‌ಮೊಹರ್, ತಬೂಬಿಯಾಗಳಿಗೆ ಕಕ್ಕೆಯ ನಿಯಮವೇ ಸಲ್ಲುತ್ತದೆ, ಒಣಗಾಲ ಬೇಕು, ಚಳಿಗಾಲದ ಕತ್ತರಿ ಬೇಡ. ಆದರೆ ಹೊಳೆದಾಸವಾಳ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಜನವರಿಯಲ್ಲಿ ಅದರ ಕೊಂಬೆ ಸವರಿದರೆ ಚಿಗುರು ಹೆಚ್ಚಿ ಹೂವೂ ಹೆಚ್ಚುತ್ತದೆ. ಅದೇ ದಿನ, ಅದೇ ಕತ್ತರಿ, ಒಂದು ಗಿಡಕ್ಕೆ ಹಿತ, ಪಕ್ಕದ ಗಿಡಕ್ಕೆ ನಷ್ಟ. ಸಂಪಿಗೆಯದು ಬೇರೆಯೇ ಸ್ವಭಾವ. ಅದು ಮಲೆನಾಡಿನ ತೇವದ ಗಿಡ, ನೀರು ಬಸಿದುಹೋಗುವ ಮಸಾರಿ ಮಣ್ಣು ಬೇಕು, ಬೇಸಿಗೆಯಲ್ಲಿ ನೀರೂ ಬೇಕು. ಧಾರವಾಡದ ಪಡುವಣ ಭಾಗದಲ್ಲಿ ಅದು ಸುಖವಾಗಿರುತ್ತದೆ, ಎರೆಯಲ್ಲಿ ಒದ್ದಾಡುತ್ತದೆ. ಬೀಜದ ಸಂಪಿಗೆಗೆ ಎಂಟು ಹತ್ತು ವರ್ಷ ಕಾಯಬೇಕು, ಕಸಿ ಗಿಡ ಎರಡು ಮೂರು ವರ್ಷದಲ್ಲೇ ಹೂ ಕೊಡುತ್ತದೆ.

ಇನ್ನು ನಿಮ್ಮ ತಂಗಿ. ಗದಗ ಕಕ್ಕೆಗೆ ಒಳ್ಳೆಯ ಊರು. ಕಪ್ಪತಗುಡ್ಡದಂಥ ಒಣ ಗುಡ್ಡಗಳ ಗರಸು ನೆಲ ಅದಕ್ಕೆ ಒಗ್ಗುತ್ತದೆ. ಈಗ ಮರದಲ್ಲಿ ಕಪ್ಪಾಗಿ ತೂಗುತ್ತಿರುವ ಕಾಯಿಗಳಲ್ಲಿ ಅಲುಗಿಸಿದರೆ ಗಲಗಲ ಎನ್ನುವಂಥದ್ದನ್ನು ಆರಿಸಿಕೊಳ್ಳಲಿ. ಕಾಯಿ ಒಂದರಿಂದ ಎರಡು ಅಡಿ ಉದ್ದ ಇರುತ್ತದೆ. ಕಲ್ಲಿನಿಂದ ಕುಟ್ಟಿ ಸೀಳಿದರೆ ಒಳಗೆ ಬಿಲ್ಲೆಯಂಥ ತೆಳು ಗೋಡೆಗಳು, ಎರಡು ಗೋಡೆಗಳ ನಡುವೆ ಒಂದೊಂದು ಚಪ್ಪಟೆ ಕಂದು ಬೀಜ, ಸುತ್ತ ಕಪ್ಪು ಅಂಟು ತಿರುಳು. ಆ ತಿರುಳು ಆಯುರ್ವೇದದಲ್ಲಿ ಭೇದಿಯಾಗಲೆಂದು ಕೊಡುವ ಔಷಧ. ಸಿಹಿಯಾಗಿದೆಯೆಂದು ಮಕ್ಕಳು ನೆಕ್ಕದಂತೆ ನೋಡಿಕೊಳ್ಳಬೇಕು. ಬೀಜವನ್ನು ತೊಳೆದು ಒಣಗಿಸಿ ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ, ಸಿಪ್ಪೆ ಅಷ್ಟು ಗಟ್ಟಿ. ಅಂಚಿನ ಒಂದು ಕಡೆ ಮರಳುಕಾಗದದಿಂದ ಒಳಗಿನ ಬಿಳಿ ಬಣ್ಣ ಇಣುಕುವಷ್ಟು ಮಾತ್ರ ಉಜ್ಜಿ, ಒಂದು ದಿನ ನೀರಿನಲ್ಲಿ ನೆನೆಸಬೇಕು. ಉಬ್ಬಿದ್ದನ್ನು ಬಿತ್ತಬೇಕು, ಉಬ್ಬದ್ದನ್ನು ಮತ್ತೆ ಉಜ್ಜಬೇಕು. ಒಂದರಿಂದ ಮೂರು ವಾರದಲ್ಲಿ ಮೊಳಕೆ ಬರುತ್ತದೆ.

ತಾಯಿಬೇರು ಬೇಗ ಇಳಿಯುವುದರಿಂದ ಸಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು. ಬೇರು ತಳದಲ್ಲಿ ಸುತ್ತಿಕೊಂಡರೆ ನೆಲಕ್ಕೆ ಹೋದ ಮೇಲೂ ಹಾಗೆಯೇ ಉಳಿದು ಗಿಡವನ್ನು ಬಿಗಿಯುತ್ತದೆ. ಈ ಕಾರಣಕ್ಕೇ ನರ್ಸರಿಯಿಂದ ತರುವುದಾದರೂ ಆಳೆತ್ತರದ ಸಸಿಗಿಂತ ಒಂದೂವರೆ ಅಡಿಯ ಎಳೆಯದನ್ನು ಆರಿಸುವುದು ಮೇಲು. ಮೃಗಶಿರ, ಆರಿದ್ರಾ ಮಳೆಗೆ ನೆಡಲಿ. ಎರೆ ಮಣ್ಣಾದರೆ ತಗ್ಗು ತೋಡಿ ಕೆಂಪು ಮಣ್ಣು ತುಂಬುವ ರೂಢಿ ಬೇಡ. ಸುತ್ತಲಿನ ಎರೆ ನೀರು ಬಿಡುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಆ ತಗ್ಗು ತುಂಬಿದ ಹಂಡೆಯಾಗಿ ಬೇರು ಕೊಳೆಯುತ್ತದೆ. ತೋಡಿದ ಮಣ್ಣಿಗೇ ಒಂದಿಷ್ಟು ಕೊಟ್ಟಿಗೆ ಗೊಬ್ಬರ, ಸಿಕ್ಕರೆ ಗರಸು ಬೆರೆಸಿ, ನೆಲಮಟ್ಟಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಜಾಗ ಮೊದಲೇ ಪರೀಕ್ಷಿಸಬೇಕೆಂದರೆ ಒಂದೂವರೆ ಅಡಿ ಆಳದ ತಗ್ಗಿಗೆ ಸಂಜೆ ನೀರು ತುಂಬಿ ಬಿಡಲಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಬೇರೆ ಜಾಗ ನೋಡುವುದು ಒಳ್ಳೆಯದು. ಸಂಪಿನಿಂದ, ಮನೆಯ ಗೋಡೆಯಿಂದ ಹದಿನೈದು ಅಡಿಯಾದರೂ ದೂರವಿರಲಿ.

ಮೊದಲ ಎರಡು ಬೇಸಿಗೆ ಎಳೆಯ ಗಿಡಕ್ಕೆ ವಾರಕ್ಕೊಮ್ಮೆ ನೀರು ಬೇಕು, ಇದರಲ್ಲಿ ಜಿಪುಣತನ ಬೇಡ. ಮೂರನೆಯ ಬೇಸಿಗೆ ಹದಿನೈದು ದಿನಕ್ಕೊಮ್ಮೆ, ನಾಲ್ಕನೆಯದರಿಂದ ನಿಲ್ಲಿಸಬೇಕು. ಹೀಗೆ ಮಾಡಿದರೆ ನಿಮ್ಮ ತಂಗಿ ಆರೇಳು ವರ್ಷದಲ್ಲಿ ಹೂ ಕಾಣಬಹುದು. ಅಷ್ಟು ಕಾಯಲಾರೆನೆಂದರೆ ಜೊತೆಗೊಂದು ದೇವಕಣಗಿಲೆಯ ಕೊಂಬೆಯನ್ನು ನೆಡಲಿ. ಕತ್ತರಿಸಿದ ಕೊಂಬೆಯನ್ನು ವಾರವಿಡೀ ನೆರಳಲ್ಲಿಟ್ಟು ಹಾಲು ಒಣಗಿದ ಮೇಲೆ ನೆಟ್ಟರೆ ಬೇಗ ಬೇರು ಬಿಡುತ್ತದೆ, ಕಕ್ಕೆಗಿಂತ ಎಷ್ಟೋ ವರ್ಷ ಮೊದಲೇ ಹೂ ಬಿಡುತ್ತದೆ, ಅದಕ್ಕೂ ನೀರು ಕಡಿಮೆಯೇ ಇರಬೇಕು.